ಹಿಮದ ಘಾಟಿಯಲ್ಲಿ ಕಾರು: ಚಳಿಗಾಲದಲ್ಲಿ ಮನಾಲಿ-ಸೋಲಾಂಗ್‌ಗೆ ಹೋಗುವವರಿಗೆ ಮಾಹಿತಿ

ಡಿಸೆಂಬರ್ ರಜೆ ಬಂತೆಂದರೆ ಹಿಮ ನೋಡಬೇಕೆಂದು ದಕ್ಷಿಣದಿಂದ ಹೊರಡುವ ಕುಟುಂಬಗಳಲ್ಲಿ ಹೆಚ್ಚಿನವರು ಹಿಡಿಯುವುದು ಮನಾಲಿಯ ದಾರಿ. ಹಿಮಾಚಲ ಪ್ರದೇಶದ ಕುಲ್ಲು ಜಿಲ್ಲೆಯ ಈ ಪಟ್ಟಣದಿಂದ ಸುಮಾರು 13 ಕಿ.ಮೀ. ಮೇಲಕ್ಕಿರುವ ಸೋಲಾಂಗ್ ಕಣಿವೆ ಸ್ಕೀಯಿಂಗ್‌ಗೆ ಹೆಸರಾದ ತಾಣ. ಕೆಲವರು ಊರಿನಿಂದಲೇ ಸ್ವಂತ ವಾಹನದಲ್ಲಿ ಹೋಗುತ್ತಾರೆ. ಕೆಲವರು ದೆಹಲಿ ಅಥವಾ ಚಂಡೀಗಢದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿ ಕಾರು ಬಾಡಿಗೆಗೆ ಪಡೆದು ತಾವೇ ಓಡಿಸುತ್ತಾರೆ.

ಘಾಟಿ ರಸ್ತೆ ನಮಗೆ ಹೊಸದಲ್ಲ. ತಾಳವಾಡಿಯವರು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲದ ಸಂತೆಗೆ ಹೋಗಿ ಬರುತ್ತಾರೆ. ವಯನಾಡಿನವರಿಗೆ ತಾಮರಶ್ಶೇರಿ ಚುರದ 9 ತಿರುವು, ನೀಲಗಿರಿಯವರಿಗೆ ಕಲ್ಲಟ್ಟಿಯ 36 ತಿರುವು ಪರಿಚಿತ. ಹಾಗಾಗಿ 'ಘಾಟಿಯಲ್ಲಿ ಓಡಿಸಿದ ಕೈ, ಹಿಮದಲ್ಲೂ ಓಡಿಸಬಲ್ಲದು' ಎಂಬ ಧೈರ್ಯ ಸಹಜ. ಈ ಧೈರ್ಯ ಅರ್ಧ ಸರಿ, ಅರ್ಧ ಅಪಾಯಕಾರಿ. ಯಾವ ಅರ್ಧ ಸರಿ, ಯಾವ ಅರ್ಧ ತಪ್ಪು ಎಂಬುದನ್ನು ಹೊರಡುವ ಮೊದಲೇ ತಿಳಿದುಕೊಳ್ಳಲು ಈ ಲೇಖನ.

ಒಂದು ಸೂಚನೆ: ನಮ್ಮ ಕಡೆ 'ಮಂಜು' ಎಂದರೆ ದಾರಿ ಕಾಣದಂತೆ ಕವಿಯುವ ಮುಸುಕು. ಈ ಲೇಖನದಲ್ಲಿ ಆ ಪದವನ್ನು ಅದೇ ಅರ್ಥದಲ್ಲಿ ಬಳಸಲಾಗಿದೆ. ಆಕಾಶದಿಂದ ಹತ್ತಿಯಂತೆ ಬೀಳುವುದನ್ನು 'ಹಿಮ' ಎಂದೂ, ನೀರು ಗಟ್ಟಿಯಾದದ್ದನ್ನು 'ಮಂಜುಗಡ್ಡೆ' ಎಂದೂ ಕರೆಯಲಾಗಿದೆ. ವಾಹನಕ್ಕೆ ಈ ಮೂರೂ ಬೇರೆ ಬೇರೆ ಅಪಾಯಗಳು.

ದಾರಿ ಮತ್ತು ಎತ್ತರ

ದೆಹಲಿಯಿಂದ ಮನಾಲಿಗೆ ಸುಮಾರು 530 ಕಿ.ಮೀ. ಚಂಡೀಗಢ, ಕೀರತ್‌ಪುರ, ಮಂಡಿ, ಔಟ್, ಕುಲ್ಲು ಮೂಲಕ ರಸ್ತೆ ಸಾಗುತ್ತದೆ. ಮಂಡಿಯಿಂದ ಮುಂದೆ ಬಿಯಾಸ್ ನದಿಯ ಅಂಚಿನಲ್ಲೇ ಪ್ರಯಾಣ. 2023 ಮತ್ತು 2025ರ ಮಳೆಗಾಲದ ಪ್ರವಾಹಗಳಲ್ಲಿ ಕುಲ್ಲು-ಮನಾಲಿ ನಡುವಿನ ಹೆದ್ದಾರಿಯ ಭಾಗಗಳು ಕೊಚ್ಚಿಹೋಗಿದ್ದವು. ಆದ್ದರಿಂದ ಹೊರಡುವ ವಾರ ಯಾವ ಭಾಗದಲ್ಲಿ ದುರಸ್ತಿ ನಡೆಯುತ್ತಿದೆ, ಎಲ್ಲಿ ಒಂದೇ ಸಾಲಿನ ಸಂಚಾರವಿದೆ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮನಾಲಿ ಸಮುದ್ರ ಮಟ್ಟದಿಂದ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಇದು ಉದಕಮಂಡಲಕ್ಕಿಂತ ಹೆಚ್ಚು ಕಡಿಮೆ 200 ಮೀಟರ್ ತಗ್ಗು! ಆದರೂ ಉದಕಮಂಡಲದಲ್ಲಿ ಹಿಮ ಬೀಳುವುದಿಲ್ಲ, ಮನಾಲಿಯಲ್ಲಿ ಬೀಳುತ್ತದೆ. ಕಾರಣ ಅಕ್ಷಾಂಶ. ಮನಾಲಿ 32 ಡಿಗ್ರಿ ಉತ್ತರದಲ್ಲಿದೆ, ಉದಕಮಂಡಲ 11 ಡಿಗ್ರಿಯಲ್ಲಿ. ಇದರ ಜೊತೆಗೆ ಪಶ್ಚಿಮದಿಂದ ಬರುವ ಚಳಿಗಾಲದ ಮಾರುತಗಳು ಹಿಮಾಲಯಕ್ಕೆ ತೇವ ತರುತ್ತವೆ. ಹವಾಮಾನ ವರದಿಯಲ್ಲಿ 'ಪಶ್ಚಿಮದ ಅಡಚಣೆ' ಎಂಬ ಮಾತು ಕೇಳಿದರೆ ಒಂದೆರಡು ದಿನಗಳಲ್ಲಿ ಹಿಮ ಬೀಳಬಹುದು ಎಂದರ್ಥ.

ಸೋಲಾಂಗ್ ಸುಮಾರು 2,560 ಮೀಟರ್, ಎಂದರೆ 8,400 ಅಡಿ ಎತ್ತರದಲ್ಲಿದೆ. ಮನಾಲಿಯಲ್ಲಿ 1961ರಲ್ಲಿ ಸ್ಥಾಪನೆಯಾದ ಸರ್ಕಾರಿ ಪರ್ವತಾರೋಹಣ ಸಂಸ್ಥೆ (ಈಗ ಅಟಲ್ ಬಿಹಾರಿ ವಾಜಪೇಯಿ ಅವರ ಹೆಸರಿನಲ್ಲಿದೆ) ಸೋಲಾಂಗ್‌ನ ಇಳಿಜಾರುಗಳಲ್ಲಿ ಸ್ಕೀಯಿಂಗ್ ತರಬೇತಿ ನೀಡುತ್ತದೆ. ಇದೇ ರಸ್ತೆ ಮುಂದುವರಿದು ಧುಂಡಿ ಬಳಿ ಅಟಲ್ ಸುರಂಗದ ದಕ್ಷಿಣ ಬಾಗಿಲು ತಲುಪುತ್ತದೆ.

ನಮ್ಮ ಘಾಟಿ ಕಲಿಸಿದ್ದು, ಕಲಿಸದೇ ಇದ್ದದ್ದು

ನಮ್ಮ ಘಾಟಿಗಳು ಕಲಿಸಿದ ಮೂರು ಪಾಠಗಳು ಅಲ್ಲಿಯೂ ಕೆಲಸಕ್ಕೆ ಬರುತ್ತವೆ. ಹತ್ತಿದ ಗೇರಿನಲ್ಲೇ ಇಳಿಯಬೇಕು. ಏರುತ್ತಿರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು. ಇಳಿಜಾರಿನಲ್ಲಿ ಎಂದೂ ನ್ಯೂಟ್ರಲ್ ಮಾಡಬಾರದು. ಎರಡನೆಯದು ಸೌಜನ್ಯದ ಮಾತು ಮಾತ್ರವಲ್ಲ, ಕಿರಿದಾದ ಬೆಟ್ಟದ ರಸ್ತೆಗಳಿಗೆ ದೇಶದ ಮೋಟಾರು ವಾಹನ ಚಾಲನಾ ನಿಯಮವೂ ಹೌದು.

ಕಲಿಸದೇ ಇದ್ದದ್ದು ಒಂದೇ. ನಮ್ಮ ಘಾಟಿಯಲ್ಲಿ ಬ್ರೇಕ್ ಒತ್ತಿದರೆ ಕಾರು ನಿಲ್ಲುತ್ತದೆ. ಮಳೆಗಾಲದಲ್ಲೂ ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತದೆ. ಮಂಜುಗಡ್ಡೆಯ ಮೇಲೆ ಹಾಗಲ್ಲ. ಬ್ರೇಕ್ ಒತ್ತಿದ ಮೇಲೆ ಚಕ್ರ ನಿಲ್ಲುತ್ತದೆ, ಕಾರು ನಿಲ್ಲುವುದಿಲ್ಲ. ಅನುಭವಿ ಚಾಲಕರು ಮೋಸ ಹೋಗುವುದು ಇಲ್ಲಿಯೇ.

ನಿಲ್ಲಲು ಎಷ್ಟು ದೂರ ಬೇಕು?

ಟೈರು ಮತ್ತು ರಸ್ತೆಯ ನಡುವಿನ ಹಿಡಿತವೇ ಕಾರನ್ನು ನಿಲ್ಲಿಸುವುದು. ಒಣ ಡಾಂಬರಿನ ಹಿಡಿತವನ್ನು 7 ಪಾಲು ಎಂದುಕೊಂಡರೆ, ಒದ್ದೆ ಡಾಂಬರಿಗೆ 4 ರಿಂದ 5 ಪಾಲು, ತುಳಿದು ಗಟ್ಟಿಯಾದ ಹಿಮಕ್ಕೆ 2 ಪಾಲು, ಮಂಜುಗಡ್ಡೆಗೆ ಬರೀ 1 ಪಾಲು. ಈ ಲೆಕ್ಕದಂತೆ ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಕಾರು ಬ್ರೇಕ್ ಹಿಡಿದ ಮೇಲೆ ಸಮತಟ್ಟು ರಸ್ತೆಯಲ್ಲಿ ನಿಲ್ಲಲು ಬೇಕಾಗುವ ದೂರ ಸುಮಾರು ಹೀಗಿದೆ:

- ಒಣ ಡಾಂಬರು: 9 ಮೀಟರ್
- ಒದ್ದೆ ಡಾಂಬರು: 14 ಮೀಟರ್
- ಗಟ್ಟಿಯಾದ ಹಿಮ: 31 ಮೀಟರ್
- ಮಂಜುಗಡ್ಡೆ: 63 ಮೀಟರ್

ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಇನ್ನೂ 11 ಮೀಟರ್ ಕಳೆದಿರುತ್ತದೆ. ಅದನ್ನು ಎಲ್ಲದಕ್ಕೂ ಸೇರಿಸಿಕೊಳ್ಳಬೇಕು.

ಇದು ಸಮತಟ್ಟಿನ ಮಾತು. ನೂರು ಮೀಟರಿಗೆ 6 ಮೀಟರ್ ತಗ್ಗುವ ಸಾಧಾರಣ ಇಳಿಜಾರಿನಲ್ಲಿ ಅದೇ ಮಂಜುಗಡ್ಡೆಯ ಮೇಲೆ ಅದೇ ವೇಗದ ಕಾರಿಗೆ 150 ಮೀಟರಿಗೂ ಹೆಚ್ಚು ದೂರ ಬೇಕು. ನೂರಕ್ಕೆ 10ರ ಇಳಿಜಾರಾದರೆ ರಸ್ತೆಯ ಹಿಡಿತ ಮತ್ತು ಕಾರನ್ನು ಕೆಳಗೆ ಎಳೆಯುವ ಭಾರ ಎರಡೂ ಸಮವಾಗುತ್ತವೆ. ಆಗ ಬ್ರೇಕ್ ಎಷ್ಟೇ ಒತ್ತಿದರೂ ಕಾರು ತಾನಾಗಿ ನಿಲ್ಲುವುದೇ ಇಲ್ಲ.

ಇದಕ್ಕೆ ಪರಿಹಾರವೂ ಇದೇ ಲೆಕ್ಕದಲ್ಲಿದೆ. ವೇಗ ಅರ್ಧವಾದರೆ ನಿಲ್ಲುವ ದೂರ ಕಾಲು ಭಾಗಕ್ಕೆ ಇಳಿಯುತ್ತದೆ. 40ರ ಬದಲು 20 ಕಿ.ಮೀ. ವೇಗದಲ್ಲಿದ್ದರೆ ಸಮತಟ್ಟಾದ ಮಂಜುಗಡ್ಡೆಯ ಮೇಲೆ 63 ಮೀಟರಿನ ಜಾಗದಲ್ಲಿ 16 ಮೀಟರ್ ಸಾಕು. ಹಿಮದ ರಸ್ತೆಯಲ್ಲಿ ಚಾಲಕನ ಕೈಯಲ್ಲಿರುವ ನಿಜವಾದ ಬ್ರೇಕ್ ಎಂದರೆ ಮೊದಲೇ ಇಳಿಸಿಕೊಂಡ ವೇಗ.

ಕಣ್ಣಿಗೆ ಕಾಣದ ಮಂಜುಗಡ್ಡೆ

ಬಿಳಿ ಹಿಮ ಕಂಡಾಗ ಯಾರೂ ಎಚ್ಚರ ತಪ್ಪುವುದಿಲ್ಲ. ಮೋಸ ಮಾಡುವುದು ಹಿಮವೇ ಇಲ್ಲದಂತೆ ಕಾಣುವ ಕಪ್ಪು ರಸ್ತೆ. ಹಗಲಿನ ಬಿಸಿಲಿಗೆ ರಸ್ತೆ ಬದಿಯ ಹಿಮ ಕರಗಿ ನೀರಾಗಿ ಡಾಂಬರಿನ ಮೇಲೆ ಹರಿಯುತ್ತದೆ. ಸಂಜೆಯಾಗುತ್ತಲೇ ಅದು ಗಾಜಿನಂತೆ ಹೆಪ್ಪುಗಟ್ಟುತ್ತದೆ. ಪದರ ತೆಳ್ಳಗಿರುವುದರಿಂದ ಕೆಳಗಿನ ಡಾಂಬರು ಹಾಗೆಯೇ ಕಾಣುತ್ತದೆ, ರಸ್ತೆ ಸ್ವಲ್ಪ ಒದ್ದೆಯಾಗಿದೆ ಅನಿಸುತ್ತದೆ ಅಷ್ಟೇ. ಅಲ್ಲಿನ ಜನ ಇದನ್ನು 'ಪಾಲಾ' ಎನ್ನುತ್ತಾರೆ. ಜನವರಿ ಬೆಳಿಗ್ಗೆ ಉದಕಮಂಡಲದ ಹುಲ್ಲಿನ ಮೇಲೆ ಬಿಳಿಯಾಗಿ ಕೂರುವ ಉರೈಪನಿಯನ್ನು ಕಂಡವರಿಗೆ ಇದರ ಸ್ವಭಾವ ಗೊತ್ತು. ಅದು ಹುಲ್ಲಿನ ಮೇಲಲ್ಲದೆ ರಸ್ತೆಯ ಮೇಲೆ, ಬಣ್ಣವಿಲ್ಲದೆ ಕೂತಿದೆ ಎಂದುಕೊಳ್ಳಿ.

ಇದು ಹೆಚ್ಚಾಗಿ ಇರುವ ಜಾಗಗಳು: ಬಿಸಿಲು ಬೀಳದ ಬೆಟ್ಟದ ಮಗ್ಗುಲು, ದೇವದಾರು ಮರಗಳ ನೆರಳು, ಸೇತುವೆಗಳ ಮೇಲೆ, ರಸ್ತೆಗೆ ಅಡ್ಡ ಹರಿಯುವ ತೊರೆಗಳ ಬಳಿ, ಸುರಂಗದ ಬಾಗಿಲುಗಳಲ್ಲಿ. ಸೇತುವೆಗೆ ಕೆಳಗಿನಿಂದಲೂ ತಣ್ಣನೆ ಗಾಳಿ ಬೀಸುವುದರಿಂದ ರಸ್ತೆಗಿಂತ ಮೊದಲೇ ಹೆಪ್ಪುಗಟ್ಟುತ್ತದೆ. ಸ್ಟೀರಿಂಗ್ ಇದ್ದಕ್ಕಿದ್ದಂತೆ ಹಗುರವಾದರೆ, ಟೈರಿನ ಸದ್ದು ನಿಂತುಹೋದರೆ, ನೀವು ಮಂಜುಗಡ್ಡೆಯ ಮೇಲಿದ್ದೀರಿ ಎಂದೇ ತಿಳಿಯಬೇಕು.

ಹೊರಡುವ ಮೊದಲು ವಾಹನ ಸಿದ್ಧತೆ

ರೇಡಿಯೇಟರ್ ನೀರು: ನಮ್ಮ ಕಡೆ ಹಳೆಯ ಜೀಪು, ಟೆಂಪೋಗಳಿಗೆ ಬರೀ ನೀರು ತುಂಬಿಸುವ ಅಭ್ಯಾಸ ಇನ್ನೂ ಇದೆ. ಅಲ್ಲಿಗೆ ಇದು ಆಗದು. ನೀರು ಮಂಜುಗಡ್ಡೆಯಾಗುವಾಗ ನೂರಕ್ಕೆ 9ರಷ್ಟು ಹಿಗ್ಗುತ್ತದೆ. ರಾತ್ರಿ ನಿಲ್ಲಿಸಿದ ವಾಹನದ ರೇಡಿಯೇಟರ್ ಅಥವಾ ಎಂಜಿನ್ ಬ್ಲಾಕ್ ಸೀಳಿಹೋಗಬಹುದು. ಹಸಿರು ಅಥವಾ ಕೆಂಪು ಬಣ್ಣದ ಕೂಲೆಂಟ್ ಅನ್ನು ಸಮಪಾಲು ಶುದ್ಧ ನೀರಿನೊಂದಿಗೆ ಬೆರೆಸಿದರೆ ಸೊನ್ನೆಗಿಂತ 35 ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯುತ್ತದೆ. ಬಾಡಿಗೆ ಕಾರಾದರೆ ಕೂಲೆಂಟ್ ಇದೆಯೇ ಎಂದು ಕೇಳಿ, ನೋಡಿ. ಗಾಜು ತೊಳೆಯುವ ನೀರಿನ ಡಬ್ಬಿಗೂ ಇದೇ ತೊಂದರೆ. ಚಳಿಗಾಲದ ದ್ರವವನ್ನೇ ಹಾಕಿಸಿ.

ಡೀಸೆಲ್: ಚಳಿ ಹೆಚ್ಚಿದಂತೆ ಡೀಸೆಲಿನಲ್ಲಿರುವ ಮೇಣದ ಅಂಶ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಲಡಾಖಿನಂಥ ಪ್ರದೇಶಕ್ಕಾಗಿ ಇಂಡಿಯನ್ ಆಯಿಲ್ ಕಂಪನಿ 2019ರಲ್ಲಿ ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ವಿಶೇಷ ಡೀಸೆಲ್ ತಂದಿದ್ದು ಇದೇ ಕಾರಣಕ್ಕೆ. ಬಯಲಿನಲ್ಲಿ ತುಂಬಿಸಿದ ಡೀಸೆಲ್ ಇಟ್ಟುಕೊಂಡು ಎತ್ತರದಲ್ಲಿ ರಾತ್ರಿ ಕಳೆಯುವ ಬದಲು, ಕುಲ್ಲು ಅಥವಾ ಮನಾಲಿಯಲ್ಲಿ ತುಂಬಿಸಿಕೊಳ್ಳುವುದು ಕ್ಷೇಮ. ಟ್ಯಾಂಕ್ ಎಂದೂ ಅರ್ಧಕ್ಕಿಂತ ಕೆಳಗೆ ಇಳಿಯದಿರಲಿ. ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಬಿಸಿ ಗಾಳಿ ಕೊಡುವುದು ಅದೇ ಇಂಧನ.

ಬ್ಯಾಟರಿ: ಚಳಿಯಲ್ಲಿ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ, ಎಂಜಿನ್ ಎಣ್ಣೆ ದಪ್ಪಗಾಗಿ ಸ್ಟಾರ್ಟ್ ಮಾಡಲು ಹೆಚ್ಚು ಶಕ್ತಿ ಬೇಕಾಗುತ್ತದೆ. ಊರಲ್ಲೇ ಒಂದೆರಡು ಸಲ ತಿಣುಕುವ ಬ್ಯಾಟರಿ ಮನಾಲಿಯ ಬೆಳಗಿನಲ್ಲಿ ಏಳುವುದಿಲ್ಲ. ಹೊರಡುವ ಮೊದಲೇ ಬದಲಾಯಿಸಿ. ಜಂಪರ್ ಕೇಬಲ್ ಜೊತೆಗಿರಲಿ.

ಟೈರು: ನಮ್ಮ ದೇಶದಲ್ಲಿ ಮಾರುವ ಸಾಮಾನ್ಯ ಟೈರುಗಳ ರಬ್ಬರು 7 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ನಿಜವಾದ ಚಳಿಗಾಲದ ಟೈರಿನ ಪಕ್ಕದಲ್ಲಿ ಮೂರು ಶಿಖರಗಳ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇರುತ್ತದೆ. ಅಂಥದ್ದು ಇಲ್ಲದವರು ಕನಿಷ್ಠ ಒಳ್ಳೆಯ ಗಾಡಿ ಇರುವ ಟೈರು ಹಾಕಿಸಿಕೊಳ್ಳಬೇಕು. ಕಾನೂನಿಗೆ 1.6 ಮಿ.ಮೀ. ಗಾಡಿ ಸಾಕು, ಹಿಮಕ್ಕೆ 4 ಮಿ.ಮೀ. ಇದ್ದರೆ ವಾಸಿ. ಚಳಿಗೆ ಟೈರಿನ ಒತ್ತಡ ತಗ್ಗುತ್ತದೆ, ಎತ್ತರಕ್ಕೆ ಮಾಪಕದಲ್ಲಿ ಸ್ವಲ್ಪ ಏರುತ್ತದೆ. ಆದ್ದರಿಂದ ಊರಿನ ಅಳತೆ ನಂಬದೆ ಮನಾಲಿಯಲ್ಲಿ ಬೆಳಿಗ್ಗೆ, ಟೈರು ತಣ್ಣಗಿರುವಾಗ, ಕಂಪನಿ ಹೇಳಿದ ಒತ್ತಡಕ್ಕೆ ಸರಿಮಾಡಿಸಿ. ಹಿಡಿತ ಹೆಚ್ಚುತ್ತದೆಂದು ಗಾಳಿ ಇಳಿಸುವುದು ರಸ್ತೆಯಲ್ಲಿ ಸರಿಯಲ್ಲ.

ರಾತ್ರಿ ನಿಲ್ಲಿಸುವಾಗ: ಹ್ಯಾಂಡ್ ಬ್ರೇಕ್ ಹಾಕಿಟ್ಟರೆ ಹೆಪ್ಪುಗಟ್ಟಿ ಬಿಡದೆ ಹೋಗಬಹುದು. ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆದಿಡುವುದನ್ನು ಮರೆಯಬೇಡಿ. ವೈಪರುಗಳನ್ನು ಎತ್ತಿಡಿ. ಬೆಳಿಗ್ಗೆ ಗಾಜಿನ ಮೇಲಿನ ಮಂಜುಗಡ್ಡೆಗೆ ಬಿಸಿನೀರು ಸುರಿದರೆ ಗಾಜು ಒಡೆಯುತ್ತದೆ. ಪ್ಲಾಸ್ಟಿಕ್ ಕೆರೆಯುವ ಪಟ್ಟಿ ಬಳಸಿ. ಛಾವಣಿಯ ಮೇಲಿನ ಹಿಮವನ್ನೂ ಗುಡಿಸಿ, ಇಲ್ಲವಾದರೆ ಮೊದಲ ಇಳಿಜಾರಿನಲ್ಲೇ ಅದು ಮುಂಗಾಜಿನ ಮೇಲೆ ಜಾರಿ ದಾರಿ ಮುಚ್ಚುತ್ತದೆ.

ಚಕ್ರಕ್ಕೆ ಸರಪಳಿ

ಹಿಮ ಬಿದ್ದ ದಿನ ಮನಾಲಿಯಿಂದ ಸುಮಾರು 6 ಕಿ.ಮೀ. ದೂರದ ನೆಹರೂ ಕುಂಡದ ಬಳಿ ಪೊಲೀಸರು ಸಾಮಾನ್ಯ ವಾಹನಗಳನ್ನು ತಡೆದು, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಫೋರ್ ಬೈ ಫೋರ್ ವಾಹನಗಳನ್ನು ಮಾತ್ರ ಮುಂದೆ ಬಿಡುವುದು ಸಾಮಾನ್ಯ. ಅವರು ಸರಪಳಿ ಇದೆಯೇ ಎಂದೂ ಕೇಳಬಹುದು.

- ಸರಪಳಿಯ ಅಳತೆ ಟೈರಿನ ಅಳತೆಗೆ ಹೊಂದಬೇಕು. ಟೈರಿನ ಪಕ್ಕದಲ್ಲಿ 165/80 ಆರ್ 14 ಎಂಬಂತೆ ಬರೆದಿರುತ್ತದೆ, ಅದನ್ನು ಗುರುತು ಹಾಕಿಕೊಳ್ಳಿ.
- ಎಂಜಿನ್ ಯಾವ ಚಕ್ರವನ್ನು ತಿರುಗಿಸುತ್ತದೋ ಆ ಚಕ್ರಗಳಿಗೆ ಹಾಕಬೇಕು. ಇಂದಿನ ಹೆಚ್ಚಿನ ಸಣ್ಣ ಕಾರುಗಳಲ್ಲಿ ಅದು ಮುಂದಿನ ಜೋಡಿ. ಜೀಪು ಮಾದರಿಯ ಹಲವು ವಾಹನಗಳಲ್ಲಿ ಹಿಂದಿನ ಜೋಡಿ.
- ಹಿಮ ಶುರುವಾಗುವ ಮೊದಲೇ, ಸಮತಟ್ಟು ಜಾಗದಲ್ಲಿ ಹಾಕಿ. ಇಳಿಜಾರಿನಲ್ಲಿ ಕಾರು ಜಾರತೊಡಗಿದ ಮೇಲೆ ಹಾಕಲು ಆಗದು.
- ನೂರು ಮೀಟರ್ ಹೋದ ಮೇಲೆ ನಿಲ್ಲಿಸಿ ಇನ್ನೊಮ್ಮೆ ಬಿಗಿ ಮಾಡಿ. 30-40 ಕಿ.ಮೀ. ವೇಗ ಮೀರಬೇಡಿ.
- ಬರೀ ಡಾಂಬರು ಬಂದ ಕೂಡಲೇ ಬಿಚ್ಚಿ. ಇಲ್ಲವಾದರೆ ಸರಪಳಿ ತುಂಡಾಗಿ ಬ್ರೇಕ್ ಪೈಪಿಗೆ ಹೊಡೆಯುತ್ತದೆ.
- ಊರಲ್ಲೇ ಎರಡು ಸಲ ಹಾಕಿ ಬಿಚ್ಚಿ ಅಭ್ಯಾಸ ಮಾಡಿಕೊಳ್ಳಿ. ಮರಗಟ್ಟಿದ ಬೆರಳುಗಳಿಂದ ಕಲಿಯುವ ವಿದ್ಯೆ ಇದಲ್ಲ.

ಫೋರ್ ಬೈ ಫೋರ್ ಇದೆಯೆಂದು ಮೈಮರೆಯುವವರಿಗೆ ಒಂದು ಮಾತು. ಅದು ಹತ್ತಲು, ಹೊರಡಲು ನೆರವಾಗುತ್ತದೆ. ನಿಲ್ಲಲು ಅಲ್ಲ. ಎಲ್ಲ ಕಾರುಗಳಿಗೂ ಬ್ರೇಕ್ ನಾಲ್ಕೇ ಚಕ್ರಕ್ಕೆ.

ಓಡಿಸುವ ಬಗೆ

ಹೊರಡುವಾಗ ಎರಡನೇ ಗೇರಿನಲ್ಲಿ, ಕ್ಲಚ್ ನಿಧಾನಕ್ಕೆ ಬಿಟ್ಟು ಹೊರಡಿ. ಮೊದಲ ಗೇರಿನ ಜೋರಿಗೆ ಚಕ್ರ ಸುತ್ತಿ, ಕೆಳಗಿನ ಹಿಮ ಗಾಜಿನಂತಾಗುತ್ತದೆ.

ಏರುವಾಗ, ಮುಂದಿನ ವಾಹನ ಏರು ಮುಗಿಸುವವರೆಗೆ ಕೆಳಗೇ ಕಾಯಿರಿ. ನಡುವೆ ನಿಂತರೆ ಮತ್ತೆ ಹೊರಡುವುದು ಕಷ್ಟ. ಅದಕ್ಕಿಂತ ಮುಖ್ಯ, ಮುಂದಿನ ವಾಹನ ಹಿಂದಕ್ಕೆ ಜಾರಿದರೆ ನೀವು ಅದರ ದಾರಿಯಲ್ಲಿ ಇರುವುದಿಲ್ಲ.

ಇಳಿಯುವಾಗ, ಇಳಿಜಾರು ಶುರುವಾಗುವ ಮೊದಲೇ ಒಂದನೇ ಅಥವಾ ಎರಡನೇ ಗೇರಿಗೆ ಬನ್ನಿ. ಮಂಜುಗಡ್ಡೆಯ ಮೇಲೆ ನಡುದಾರಿಯಲ್ಲಿ ಥಟ್ಟನೆ ಗೇರು ಇಳಿಸಿದರೆ ಅದೂ ಬ್ರೇಕ್ ಒತ್ತಿದಂತೆಯೇ, ಚಕ್ರ ಜಾರುತ್ತದೆ. ಆಟೊಮ್ಯಾಟಿಕ್ ಕಾರಿನಲ್ಲೂ ಕೆಳಗಿನ ಗೇರಿನಲ್ಲಿ ನಿಲ್ಲಿಸುವ ವ್ಯವಸ್ಥೆ ಇರುತ್ತದೆ, ಮೊದಲೇ ಕಲಿತುಕೊಳ್ಳಿ. ಕ್ರೂಸ್ ಕಂಟ್ರೋಲ್ ಮುಟ್ಟಬೇಡಿ.

ತಿರುವಿನಲ್ಲಿ ಬ್ರೇಕ್, ಸ್ಟೀರಿಂಗ್, ಆಕ್ಸಿಲರೇಟರ್ ಮೂರನ್ನೂ ಒಟ್ಟಿಗೆ ಬಳಸಬೇಡಿ. ಇರುವ ಒಂದು ಪಾಲು ಹಿಡಿತವನ್ನು ಮೂವರಿಗೆ ಹಂಚಿದರೆ ಯಾರಿಗೂ ಸಾಲದು. ನೇರ ದಾರಿಯಲ್ಲಿ ವೇಗ ಇಳಿಸಿ, ಆಮೇಲೆ ತಿರುಗಿಸಿ, ಆಮೇಲೆ ಆಕ್ಸಿಲರೇಟರ್.

ಮುಂದಿನ ವಾಹನದಿಂದ 8-10 ಸೆಕೆಂಡಿನ ಅಂತರ ಇರಲಿ. 20 ಕಿ.ಮೀ. ವೇಗದಲ್ಲಿ ಇದು 50 ಮೀಟರ್, ಎಂದರೆ ಸಾಲಾಗಿ ನಿಂತ ನಾಲ್ಕೈದು ಬಸ್ಸುಗಳಷ್ಟು ಉದ್ದ.

ಜಾರಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಕಣ್ಣು ಕಂದಕದ ಕಡೆಗಲ್ಲ, ಹೋಗಬೇಕಾದ ಕಡೆಗೆ ಇರಲಿ. ಸ್ಟೀರಿಂಗ್ ಅನ್ನು ನಿಧಾನವಾಗಿ ಅತ್ತಲೇ ತಿರುಗಿಸಿ. ಎಬಿಎಸ್ ಇರುವ ಕಾರಿನಲ್ಲಿ ಪೆಡಲ್ ಕಾಲಿನಡಿ ನಡುಗುತ್ತದೆ, ಕೆಟ್ಟಿತೆಂದು ಬಿಡದೆ ಒತ್ತಿ ಹಿಡಿಯಿರಿ. ಎಬಿಎಸ್ ಇಲ್ಲದಿದ್ದರೆ ಒತ್ತಿ ಬಿಡುತ್ತಾ ಹೋಗಬೇಕು. ಎಬಿಎಸ್ ಕಾರನ್ನು ಬೇಗ ನಿಲ್ಲಿಸುತ್ತದೆ ಎಂದಲ್ಲ. ಸಡಿಲ ಹಿಮದಲ್ಲಿ ನಿಲ್ಲುವ ದೂರ ಹೆಚ್ಚುವುದೂ ಉಂಟು. ಅದರ ಉಪಕಾರ, ಸ್ಟೀರಿಂಗ್ ನಿಮ್ಮ ಮಾತು ಕೇಳುವಂತೆ ಉಳಿಸುವುದು.

ಜಾರುತ್ತಿರುವ ಕಾರನ್ನು ಕೈಯಿಂದ ತಡೆಯಲು ಯಾರೂ ಅದರ ಕೆಳಗಿನ ಬದಿಗೆ ಹೋಗಬಾರದು. ಒಂದು ಟನ್ ಭಾರವನ್ನು ನಾಲ್ಕು ಜನ ಮಂಜುಗಡ್ಡೆಯ ಮೇಲೆ ನಿಂತು ಹಿಡಿಯಲಾರರು. ಅವರ ಕಾಲಿಗೂ ಹಿಡಿತವಿಲ್ಲ.

ಯಾವ ಹೊತ್ತಿಗೆ ಹೊರಡಬೇಕು?

ಡಿಸೆಂಬರ್ ಕೊನೆಯಲ್ಲಿ ಮನಾಲಿಯಲ್ಲಿ ಸೂರ್ಯ ಹುಟ್ಟುವುದು 7 ಗಂಟೆ ದಾಟಿದ ಮೇಲೆ, ಮುಳುಗುವುದು ಐದೂವರೆಯ ಒಳಗೆ. ಬೆಟ್ಟಗಳು ಎತ್ತರವಾದ್ದರಿಂದ ರಸ್ತೆಗೆ ಬಿಸಿಲು ತಡವಾಗಿ ಬಂದು ಬೇಗ ಹೋಗುತ್ತದೆ. ಬೆಳಗಿನ ಜಾವ ಹೊರಡುವ ನಮ್ಮ ಕಡೆಯ ಪದ್ಧತಿ ಇಲ್ಲಿಗೆ ಹೊಂದುವುದಿಲ್ಲ. ಬೆಳಿಗ್ಗೆ 9-10ರ ನಂತರ ಮೇಲೆ ಹೋಗಿ, ಮಧ್ಯಾಹ್ನ 3ರ ಒಳಗೆ ಇಳಿಯಲು ಹೊರಡುವುದು ಲೇಸು. ಮೋಡ ಕವಿದು ಹಿಮ ಬೀಳತೊಡಗಿದರೆ ಗಡಿಯಾರ ನೋಡುವುದೇ ಬೇಡ, ಆಗಲೇ ಇಳಿಯಿರಿ.

2024ರ ಡಿಸೆಂಬರ್ 23ರಂದು ಸೋಲಾಂಗ್ ಮತ್ತು ಅಟಲ್ ಸುರಂಗದ ನಡುವೆ ಹಿಮ ಬಿದ್ದು ಸುಮಾರು ಸಾವಿರ ವಾಹನಗಳು ಸಿಕ್ಕಿಬಿದ್ದವು. ಪೊಲೀಸರು ನೂರಾರು ಪ್ರವಾಸಿಗರನ್ನು ಕೆಳಗೆ ತಂದರು. ಅದೇ ವಾರ 27ರಂದು ಸೋಲಾಂಗ್‌ನಲ್ಲಿ ಮತ್ತೆ ಸಾವಿರಾರು ಜನ ಸಿಲುಕಿದರು. ಹಿಮ ಬೀಳುವಾಗ ಪಟ ತೆಗೆಯಲು ನಿಂತ ಅರ್ಧ ಗಂಟೆಯೇ ಇಂಥಲ್ಲಿ ರಾತ್ರಿಯಿಡೀ ಕೂರಿಸಿಬಿಡುತ್ತದೆ.

ಅಟಲ್ ಸುರಂಗ

2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ ಈ ಸುರಂಗದ ಉದ್ದ 9.02 ಕಿ.ಮೀ. ಸುಮಾರು 3,000 ಮೀಟರಿಗಿಂತ ಎತ್ತರದಲ್ಲಿರುವ ಇದು 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆದಾರಿಯನ್ನು ತಪ್ಪಿಸಿ ಮನಾಲಿಯಿಂದ ಲಾಹೌಲ್‌ಗೆ 46 ಕಿ.ಮೀ. ಉಳಿಸುತ್ತದೆ. ಚಳಿಗಾಲದಲ್ಲಿ ರೋಹ್ತಾಂಗ್ ಮುಚ್ಚಿರುತ್ತದೆ.

ಸುರಂಗದೊಳಗೆ ಹಿಮವಿಲ್ಲ, ಆದರೆ ಎರಡೂ ಬಾಗಿಲ ಹೊರಗೆ ಇರುತ್ತದೆ. ಒಳಗಿನ ಒಣ ರಸ್ತೆಯಲ್ಲಿ ವೇಗ ಹಿಡಿದವರು ಬೆಳಕಿಗೆ ಬಂದ ಕೂಡಲೇ ಮಂಜುಗಡ್ಡೆಯ ಮೇಲಿರುತ್ತಾರೆ. ಕೊನೆಯ ಅರ್ಧ ಕಿ.ಮೀ.ನಲ್ಲೇ ವೇಗ ಇಳಿಸಿಕೊಳ್ಳಿ. ಒಳಗೆ ನಿಲ್ಲಿಸುವುದು, ಹಿಂದಿಕ್ಕುವುದು ನಿಷಿದ್ಧ. ಧುಂಡಿ ಸುತ್ತಮುತ್ತ ಹಿಮಪಾತ ಜಾರುವ ಇಳಿಜಾರುಗಳಿವೆ. ಹೊಸ ಹಿಮ ಬಿದ್ದ ಮಾರನೆಯ ದಿನ ಬಿಸಿಲು ಬಂದರೂ ಅಪಾಯ ಕಳೆದಿರುವುದಿಲ್ಲ. ರಕ್ಷಣಾ ಸಂಶೋಧನಾ ಸಂಸ್ಥೆಯ ಹಿಮ ಅಧ್ಯಯನ ವಿಭಾಗ ಹಿಮಪ್ರವಾಹದ ಎಚ್ಚರಿಕೆ ಕೊಡುತ್ತದೆ. ಕುಲ್ಲು ಮತ್ತು ಲಾಹೌಲ್-ಸ್ಪಿತಿ ಪೊಲೀಸರು ರಸ್ತೆಯ ಸ್ಥಿತಿ ಪ್ರಕಟಿಸುತ್ತಾರೆ. ಎರಡನ್ನೂ ಬೆಳಿಗ್ಗೆ ನೋಡಿಯೇ ಹೊರಡಬೇಕು.

ಸಿಕ್ಕಿಹಾಕಿಕೊಂಡರೆ: ಹೊಗೆಯ ವಿಷದ ಬಗ್ಗೆ ಎಚ್ಚರ

ಇದು ಈ ಲೇಖನದ ಅತಿ ಮುಖ್ಯ ಭಾಗ. 2022ರ ಜನವರಿ 7-8ರ ರಾತ್ರಿ ಪಾಕಿಸ್ತಾನದ ಮರ್ರೀ ಗಿರಿಧಾಮದ ದಾರಿಯಲ್ಲಿ ಹಿಮ ನೋಡಲು ಬಂದವರ ಸಾವಿರಾರು ಕಾರುಗಳು ಹಿಮದಲ್ಲಿ ಹೂತುಹೋದವು. ಬೆಳಗಾಗುವಾಗ 20ಕ್ಕೂ ಹೆಚ್ಚು ಮಂದಿ ಕಾರಿನೊಳಗೇ ಸತ್ತಿದ್ದರು. ಅವರಲ್ಲಿ ಮಕ್ಕಳೂ ಇದ್ದರು. ಚಳಿಯ ಜೊತೆಗೆ ಹಲವರನ್ನು ಕೊಂದದ್ದು ಎಂಜಿನ್ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಎನ್ನಲಾಯಿತು.

ಇದು ಆಗುವ ಬಗೆ ಹೀಗೆ. ಬಿಸಿ ಗಾಳಿಗಾಗಿ ಎಂಜಿನ್ ಚಾಲೂ ಇಟ್ಟು, ಗಾಜು ಮುಚ್ಚಿ ಮಲಗುತ್ತಾರೆ. ಹೊರಗೆ ಹಿಮ ಏರಿ ಹೊಗೆ ಕೊಳವೆ ಮುಚ್ಚುತ್ತದೆ. ಹೊಗೆ ಕಾರಿನ ಕೆಳಗಿನಿಂದ ಒಳಗೆ ಬರುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತೂಕಡಿಕೆ ಬರುತ್ತದೆ, ದಣಿವೆಂದು ಮಲಗುತ್ತಾರೆ, ಮತ್ತೆ ಏಳುವುದಿಲ್ಲ. ಆದ್ದರಿಂದ:

- ಎಂಜಿನ್ ಚಾಲೂ ಮಾಡುವ ಮೊದಲು ಪ್ರತಿ ಸಲವೂ ಹೊಗೆ ಕೊಳವೆಯ ಸುತ್ತಲಿನ ಹಿಮ ತೆಗೆಯಿರಿ.
- ಗಂಟೆಗೆ 10 ನಿಮಿಷ ಮಾತ್ರ ಎಂಜಿನ್ ಚಾಲೂ ಇಡಿ. ಆಗ ಗಾಳಿ ಬೀಸದ ಬದಿಯ ಗಾಜು ಎರಡು ಬೆರಳು ತೆರೆದಿರಲಿ.
- ಎಲ್ಲರೂ ಒಟ್ಟಿಗೆ ಮಲಗಬೇಡಿ, ಒಬ್ಬರು ಎಚ್ಚರವಿರಿ.
- ಹಿಮ ಸುರಿಯುತ್ತಿರುವಾಗ ಕತ್ತಲಲ್ಲಿ ಕಾರು ಬಿಟ್ಟು ನಡೆಯಬೇಡಿ. ಹತ್ತಿರದ ಕಟ್ಟಡ ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ ಹೋಗಬಹುದು.
- 112ಕ್ಕೆ ಕರೆ ಮಾಡಿ, ಇರುವ ಜಾಗ ತಿಳಿಸಿ, ಫೋನಿನ ಬ್ಯಾಟರಿ ಉಳಿಸಿ.
- ಕಾರಿನೊಳಗಾಗಲಿ, ಮುಚ್ಚಿದ ಕೋಣೆಯಲ್ಲಾಗಲಿ ಇದ್ದಿಲಿನ ಅಂಗೀಠಿ ಹಚ್ಚಬೇಡಿ. ಅದೂ ಇದೇ ವಿಷವನ್ನು ಉಗುಳುತ್ತದೆ.

ಚಾಲಕನ ದೇಹ

2,500 ಮೀಟರಿನಿಂದ ಮೇಲೆ ಕೆಲವರಿಗೆ ಎತ್ತರದ ತಲೆನೋವು, ವಾಕರಿಕೆ ಕಾಣಿಸುತ್ತದೆ. ಮನಾಲಿಯಲ್ಲಿ ಒಂದು ರಾತ್ರಿ ತಂಗಿ ಮೇಲೆ ಹೋಗುವುದು ಒಳಿತು. ಘಾಟಿಯ ವಾಂತಿಗೆಂದು ಕೊಡುವ ಮಾತ್ರೆಗಳು ನಿದ್ದೆ ತರಿಸುತ್ತವೆ, ಚಾಲಕ ಅದನ್ನು ನುಂಗಬಾರದು. ಚಳಿಗೆ ಮದ್ಯ ಬಿಸಿ ಕೊಡುತ್ತದೆ ಎಂಬುದು ಸುಳ್ಳು. ಚರ್ಮಕ್ಕೆ ರಕ್ತ ನುಗ್ಗಿ ಬಿಸಿ ಅನಿಸುತ್ತದೆ, ದೇಹ ಮಾತ್ರ ಇನ್ನೂ ಬೇಗ ತಣ್ಣಗಾಗುತ್ತದೆ. ಬಿಸಿಲಿನ ದಿನ ಹಿಮದ ಹೊಳಪು ಕಣ್ಣು ಕುಕ್ಕುವುದರಿಂದ ಕಪ್ಪು ಕನ್ನಡಕ ಬೇಕೇಬೇಕು.

ಸ್ಟೀರಿಂಗ್ ಬೇರೆಯವರ ಕೈಗೆ

ಹಿಮದ ದಿನ ಮನಾಲಿಯಲ್ಲಿ ಕಾರು ನಿಲ್ಲಿಸಿ, ಸ್ಥಳೀಯ ಫೋರ್ ಬೈ ಫೋರ್ ಟ್ಯಾಕ್ಸಿ ಹಿಡಿದು ಸೋಲಾಂಗ್‌ಗೆ ಹೋಗುವುದು ಸುರಕ್ಷಿತ. ಆ ಚಾಲಕರು ಪ್ರತಿ ಚಳಿಗಾಲವೂ ಅದೇ ತಿರುವುಗಳಲ್ಲಿ ಓಡಿಸಿದವರು, ಯಾವ ನೆರಳಿನಲ್ಲಿ ಪಾಲಾ ಇರುತ್ತದೆಂದು ಬಲ್ಲವರು. ದರವನ್ನು ಮೊದಲೇ ಮಾತಾಡಿಕೊಳ್ಳಿ. ಬಾಡಿಗೆಗೆ ಪಡೆದು ನೀವೇ ಓಡಿಸುವ ಕಾರಾದರೆ ಅದರ ನಂಬರ್ ಫಲಕ ಕಪ್ಪು ಹಿನ್ನೆಲೆಯಲ್ಲಿ ಹಳದಿ ಅಕ್ಷರದ್ದಿರಬೇಕು. ಬಿಳಿ ಫಲಕದ ಖಾಸಗಿ ಕಾರನ್ನು ಬಾಡಿಗೆಗೆ ಕೊಡುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮೆಯೂ ಕೈಕೊಡಬಹುದು.

ಗುಲ್ಮಾರ್ಗ್, ಔಲಿಗೆ ಹೋಗುವವರಿಗೆ

ಕಾಶ್ಮೀರದ ಗುಲ್ಮಾರ್ಗ್ (2,650 ಮೀಟರ್) ದೇಶದ ದೊಡ್ಡ ಸ್ಕೀಯಿಂಗ್ ತಾಣ. ಶ್ರೀನಗರದಿಂದ ಸುಮಾರು 50 ಕಿ.ಮೀ. ಕೊನೆಯ 13 ಕಿ.ಮೀ., ತಂಗ್‌ಮಾರ್ಗ್‌ನಿಂದ ಮೇಲಕ್ಕೆ, ಕಡಿದಾದ ತಿರುವುಗಳ ದಾರಿ. ಹಿಮ ಬಿದ್ದಾಗ ಸರಪಳಿ ಹಾಕಿದ ಅಥವಾ ಫೋರ್ ಬೈ ಫೋರ್ ವಾಹನಗಳಿಗೆ ಮಾತ್ರ ಪ್ರವೇಶ. ತಂಗ್‌ಮಾರ್ಗ್‌ನಲ್ಲಿ ಅಂಥ ಟ್ಯಾಕ್ಸಿಗಳು ಸಿಗುತ್ತವೆ. 2025ರ ಜೂನ್‌ನಿಂದ ಕತ್ರಾ-ಶ್ರೀನಗರ ರೈಲು ಓಡುತ್ತಿರುವುದರಿಂದ ಜಮ್ಮು-ಶ್ರೀನಗರ ಹೆದ್ದಾರಿಯ ಚಳಿಗಾಲದ ಚಾಲನೆ ತಪ್ಪಿಸಿಕೊಳ್ಳಬಹುದು.

ಉತ್ತರಾಖಂಡದ ಔಲಿಗೆ ಹೃಷಿಕೇಶದಿಂದ ಜೋಶಿಮಠದವರೆಗೆ ಸುಮಾರು 250 ಕಿ.ಮೀ. ಘಾಟಿ ರಸ್ತೆ. ಶೃಂಗೇರಿಯಂತೆ ಶಂಕರಾಚಾರ್ಯರ ನಾಲ್ಕು ಪೀಠಗಳಲ್ಲಿ ಒಂದಾದ ಜ್ಯೋತಿರ್ಮಠ ಇಲ್ಲಿದೆ. 2023ರ ಜನವರಿಯಲ್ಲಿ ಈ ಪಟ್ಟಣದ ನೆಲ ಕುಸಿದು ಮನೆಗಳು ಬಿರುಕುಬಿಟ್ಟಾಗ ಔಲಿಗೆ ಹೋಗುವ ರೋಪ್‌ವೇ ನಿಲ್ಲಿಸಲಾಯಿತು. ಪಟ್ಟಣದಿಂದ ಮೇಲಕ್ಕಿರುವ ಹದಿನೈದು ಕಿ.ಮೀ. ಆಸುಪಾಸಿನ ರಸ್ತೆಗೂ ಸೋಲಾಂಗ್‌ನ ಎಲ್ಲ ಎಚ್ಚರಿಕೆಗಳು ಅನ್ವಯಿಸುತ್ತವೆ.

ದಾರಿಯಲ್ಲಿ ಕೇಳಿಬರುವ ಮಾತುಗಳು

ಎರಡು ಮೂರು ಭಾಷೆ ಬಲ್ಲ ಗಡಿಯ ಜನರಿಗೆ ಹಿಂದಿಯ ಈ ಪದಗಳು ಬೇಗ ನಾಲಿಗೆಗೆ ಹತ್ತುತ್ತವೆ.

- ಬರ್ಫ್: ಹಿಮ, ಮಂಜುಗಡ್ಡೆ ಎರಡೂ
- ಪಾಲಾ: ರಸ್ತೆಗೆ ಅಂಟಿದ ತೆಳು ಮಂಜುಗಡ್ಡೆ
- ಫಿಸಲನ್: ಜಾರಿಕೆ
- ನಾಲಾ: ತೊರೆ, ಅದು ರಸ್ತೆ ದಾಟುವ ಜಾಗದಲ್ಲಿ ಹೆಪ್ಪುಗಟ್ಟಿರಬಹುದು
- ಹಿಮಸ್ಖಲನ್: ಬೆಟ್ಟದಿಂದ ಹಿಮ ಜಾರಿ ಬೀಳುವುದು
- ಭೂಸ್ಖಲನ್: ಗುಡ್ಡ ಕುಸಿತ
- ರಾಸ್ತಾ ಬಂದ್: ದಾರಿ ಮುಚ್ಚಿದೆ. ಈ ಮಾತಿಗೆ ಎದುರು ವಾದ ಬೇಡ

ಕಾರಿನಲ್ಲಿ ಇರಲೇಬೇಕಾದವು

ಸರಪಳಿ, ಸಣ್ಣ ಸಲಿಕೆ, ಒಂದು ಚೀಲ ಮರಳು (ಸುತ್ತುವ ಚಕ್ರದಡಿ ಎರಚಲು, ಇಲ್ಲವಾದರೆ ಕಾರಿನ ಕಾಲೊರಸು ಹಾಸೂ ಆದೀತು), ಎಳೆಯುವ ಹಗ್ಗ, ಟಾರ್ಚು, ಜಂಪರ್ ಕೇಬಲ್, ತಲೆಗೊಂದು ಕಂಬಳಿ, ಕುಡಿಯುವ ನೀರು, ಬೆಲ್ಲ-ಶೇಂಗಾ ಅಥವಾ ಚಿಕ್ಕಿ, ಫೋನಿಗೆ ಪವರ್ ಬ್ಯಾಂಕ್, ದಿನನಿತ್ಯದ ಔಷಧಿ, ಮಕ್ಕಳಿಗೆ ಒಂದು ಜೊತೆ ಒಣ ಕಾಲುಚೀಲ.

ಇಷ್ಟೆಲ್ಲ ಇದ್ದರೂ ದಾರಿ ಸರಿಯಿಲ್ಲವೆಂದು ಕಂಡ ದಿನ ಹಿಂದಿರುಗುವುದೇ ಜಾಣತನ. ಎರಡು ಸಾವಿರ ಕಿ.ಮೀ. ಬಂದು ಕೊನೆಯ ಆರೇಳು ಕಿ.ಮೀ. ಬಿಡುವುದು ಮನಸ್ಸಿಗೆ ಒಪ್ಪದು ನಿಜ. ಆದರೆ ಹಿಮ ಮುಂದಿನ ವರ್ಷವೂ ಬೀಳುತ್ತದೆ. ನಿಧಾನವೇ ಪ್ರಧಾನ ಎಂಬ ನಮ್ಮ ಘಾಟಿಗಳ ಫಲಕದ ಮಾತು ಸೋಲಾಂಗ್ ದಾರಿಯಲ್ಲೂ ಅಷ್ಟೇ ಸತ್ಯ.